ಅಂತ್ಯ ತಿಳಿದೂ ನೋಡುವ ಕಥೆ

1993ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದ ‘ಜಂಗಲ್ ಬುಕ್’ ಸರಣಿಯನ್ನು ಕರ್ನಾಟಕದ ಮನೆಗಳಲ್ಲೂ ಮಕ್ಕಳು ಕಣ್ಣರಳಿಸಿ ನೋಡಿದ್ದರು. ಅದು ಜಪಾನಿನಲ್ಲಿ ತಯಾರಾದ ಸರಣಿ ಎಂಬುದು ಅನೇಕರಿಗೆ ಗೊತ್ತಿರಲಿಲ್ಲ. 1989ರಲ್ಲಿ ಅಲ್ಲಿ ಆರಂಭವಾದ ಆ ಸರಣಿಯ ಮೂಲ ಹೆಸರಿನಲ್ಲಿ ‘ಶೊನೆನ್ ಮೋಗ್ಲಿ’ ಎಂಬ ಮಾತಿದೆ. ಶೊನೆನ್ ಎಂದರೆ ಹುಡುಗ. ಹುಡುಗರಿಗಾಗಿ ಹೊರಟ ಜಪಾನಿನ ವಾರಪತ್ರಿಕೆಗಳು, ಅವುಗಳಲ್ಲಿ ಧಾರಾವಾಹಿಯಾಗಿ ಬರುವ ‘ಮಾಂಗಾ’ ಎಂಬ ಚಿತ್ರಕಥೆಗಳು, ಆ ಕಥೆಗಳಿಂದ ಹುಟ್ಟಿದ ‘ಅನಿಮೆ’ ಸರಣಿಗಳು, ಇವೆಲ್ಲಕ್ಕೂ ಅದೇ ಹೆಸರು ಅಂಟಿಕೊಂಡಿದೆ.

ಇಂದು ಅನಿಮೆಗೆ ಲೋಕದೆಲ್ಲೆಡೆ ಪ್ರೇಕ್ಷಕರಿದ್ದಾರೆ. ಹೊಸದನ್ನು ನೋಡಿ ಮುಗಿಸಿದವರು ಹಳೆಯದರತ್ತ ತಿರುಗುವುದೂ ಸಹಜ. ಆಗ ಅವರಿಗೆ ಎರಡು ಅಳುಕುಗಳಿರುತ್ತವೆ. ಕಥೆಯ ಕೊನೆ ಆಗಲೇ ಕಿವಿಗೆ ಬಿದ್ದಿದೆ, ಇನ್ನು ಸ್ವಾರಸ್ಯವೆಲ್ಲಿ ಎಂಬುದು ಒಂದು. ಹಳೆಯ ಚಿತ್ರಗಳ ಚಲನೆ ಒರಟು, ಅದನ್ನು ಸಹಿಸುವುದು ಹೇಗೆ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಕೊಡಬಲ್ಲ ಸರಣಿಯೊಂದಿದೆ. ಅದರ ಹೆಸರು ‘ಅಶಿತಾ ನೊ ಜೋ’, ಅಂದರೆ ‘ನಾಳೆಯ ಜೋ’.

ಕಥೆ ಸರಳವಾದದ್ದು. ಜೋ ಯಾಬುಕಿ ಒಬ್ಬ ಅನಾಥ ಹುಡುಗ. ಅಲೆಯುತ್ತಾ ಟೋಕಿಯೋ ನಗರದ ಕೊಳೆಗೇರಿಯೊಂದಕ್ಕೆ ಬರುತ್ತಾನೆ. ಅಲ್ಲಿ ದಾಂಪೇ ಎಂಬ ಒಕ್ಕಣ್ಣಿನ ಕುಡುಕ, ಒಂದು ಕಾಲದ ಮುಷ್ಟಿಯುದ್ಧಪಟು, ಇವನ ಹೊಡೆತದ ಬಿರುಸನ್ನು ಕಂಡು ಬೆನ್ನು ಹತ್ತುತ್ತಾನೆ. ಜೋ ಮೋಸದ ಕೆಲಸ ಮಾಡಿ ಸಿಕ್ಕಿಬೀಳುತ್ತಾನೆ. ಸೆರೆಯಲ್ಲಿರುವ ಹುಡುಗನಿಗೆ ದಾಂಪೇ ಅಂಚೆಕಾರ್ಡುಗಳಲ್ಲಿ ಮುಷ್ಟಿಯುದ್ಧದ ಪಾಠ ಬರೆದು ಕಳುಹಿಸುತ್ತಾನೆ. ಬಾಲಾಪರಾಧಿಗಳ ಸುಧಾರಣಾಲಯದಲ್ಲಿ ಜೋಗೆ ರಿಕೀಶಿ ಎಂಬ ಎದುರಾಳಿ ಸಿಗುತ್ತಾನೆ. ಮುಂದೆ ಇವರಿಬ್ಬರ ಹಗೆಯೇ ಇವರ ಸ್ನೇಹವೂ ಆಗುತ್ತದೆ.

ಕಥೆಯ ನೆಲ ಕಲ್ಪಿತವಲ್ಲ. ಟೋಕಿಯೋದ ಸಾನ್ಯಾ ಪ್ರದೇಶ ದಿನಗೂಲಿಗಳ ಅಗ್ಗದ ವಸತಿಗೆ ಹೆಸರಾಗಿತ್ತು. ಯುದ್ಧಾನಂತರ ನಗರ ಮೇಲೇಳುತ್ತಿದ್ದ ಕಾಲದಲ್ಲಿ ಮಣ್ಣು ಹೊತ್ತವರು, ಕಟ್ಟಡ ಕಟ್ಟಿದವರು ಅಲ್ಲಿದ್ದರು. ದಾಂಪೇಯ ಗುಡಿಸಲಿನಂಥ ವ್ಯಾಯಾಮಶಾಲೆ ಇರುವುದು ನಾಮಿದಾಬಾಶಿ, ಅಂದರೆ ಕಣ್ಣೀರಿನ ಸೇತುವೆಯ ಕೆಳಗೆ. ಸಮೀಪದಲ್ಲೇ ಹಿಂದೆ ಮರಣದಂಡನೆಯ ಬಯಲಿತ್ತು. ಸೇತುವೆ ಈಗಿಲ್ಲ, ಸ್ಥಳಕ್ಕೆ ಆ ಹೆಸರು ಮಾತ್ರ ಉಳಿದಿದೆ. ಬಾಳಿನಲ್ಲಿ ಸೋತವರು ಅತ್ತು ದಾಟಿ ಬಂದ ಈ ಸೇತುವೆಯನ್ನು ಹಿಂದಕ್ಕೆ ದಾಟಿ ನಾಳೆಯ ಕಡೆಗೆ ಹೋಗಬೇಕು ಎಂಬುದೇ ದಾಂಪೇಯ ಹಂಬಲ.

ಮಾಂಗಾ 1968ರಲ್ಲಿ ಒಂದು ವಾರಪತ್ರಿಕೆಯಲ್ಲಿ ಆರಂಭವಾಯಿತು. ಕಥೆ ಇಕ್ಕಿ ಕಾಜಿವಾರಾ ಬೇರೊಂದು ಹೆಸರಿನಲ್ಲಿ ಬರೆದದ್ದು, ಚಿತ್ರ ತೆತ್ಸುಯಾ ಚಿಬಾ ಅವರದು. ಚಿಬಾ ರಿಕೀಶಿಯನ್ನು ಜೋಗಿಂತ ಬಹಳ ಎತ್ತರವಾಗಿ ಬರೆದುಬಿಟ್ಟಿದ್ದರು. ಮುಷ್ಟಿಯುದ್ಧದಲ್ಲಿ ತೂಕ ಸಮನಾಗದೆ ಇಬ್ಬರು ಎದುರಾಗುವಂತಿಲ್ಲ. ಹಾಗಾಗಿ ಜೋ ಜತೆ ಸೆಣಸಲೆಂದೇ ರಿಕೀಶಿ ಅನ್ನ ನೀರು ಬಿಟ್ಟು ದೇಹವನ್ನು ಒಣಗಿಸಿಕೊಳ್ಳುವ ಪ್ರಸಂಗ ಹುಟ್ಟಿತು. ಆ ಪಂದ್ಯದಲ್ಲಿ ಅವನು ಗೆಲ್ಲುತ್ತಾನೆ. ಗೆದ್ದ ಮೇಲೆ ಸಾಯುತ್ತಾನೆ.

ಓದುಗರಿಗೆ ಇದನ್ನು ತಾಳಿಕೊಳ್ಳುವುದು ಸುಲಭವಾಗಲಿಲ್ಲ. 1970ರ ಮಾರ್ಚ್ 24ರಂದು ಟೋಕಿಯೋದಲ್ಲಿ, ಪತ್ರಿಕೆಯ ಪ್ರಕಾಶಕರಾದ ಕೊಡಾನ್ಶಾ ಸಂಸ್ಥೆಯ ಕಟ್ಟಡದಲ್ಲಿ, ರಿಕೀಶಿಗೆ ನಿಜವಾದ ಶ್ರದ್ಧಾಂಜಲಿ ಸಭೆ ನಡೆಯಿತು. ಕವಿ, ನಾಟಕಕಾರ ಶೂಜಿ ತೆರಯಾಮಾ ಮುಂದೆ ನಿಂತು ಅದನ್ನು ನಡೆಸಿದರು. ಸುಮಾರು 700 ಮಂದಿ ನೆರೆದರು. ಕಾಗದದ ಮೇಲಿನ ಗೆರೆಗಳಲ್ಲಿ ಬದುಕಿದ್ದವನಿಗಾಗಿ ಮನುಷ್ಯರು ಮಂತ್ರ ಕೇಳುತ್ತಾ ನಿಂತರು.

ಅದಾಗಿ ಒಂದು ವಾರಕ್ಕೆ, ಮಾರ್ಚ್ 31ರಂದು, ರೆಡ್ ಆರ್ಮಿ ಬಣದ ಒಂಬತ್ತು ಯುವಕರು ಜಪಾನ್ ಏರ್‌ಲೈನ್ಸ್‌ನ ‘ಯೋದೊಗೊ’ ವಿಮಾನವನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದರು. ತಮ್ಮ ಹೇಳಿಕೆಯಲ್ಲಿ ಅವರು ತಮ್ಮನ್ನು ‘ನಾಳೆಯ ಜೋ’ ಎಂದೇ ಕರೆದುಕೊಂಡಿದ್ದರು. ಒಂದೇ ಕಥೆ ಕೆಲವರಿಗೆ ಕಣ್ಣೀರಾಯಿತು, ಕೆಲವರಿಗೆ ಆಯುಧವಾಯಿತು. ಆದರೆ ಕಥೆಯಲ್ಲಿ ಜೋ ಯಾರನ್ನೂ ಒತ್ತೆಯಿಡುವುದಿಲ್ಲ. ಅವನು ಪಣಕ್ಕೆ ಇಡುವುದು ತನ್ನ ದೇಹವನ್ನು ಮಾತ್ರ. ಮೊದಲ ಸಲ ನೋಡುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅಪಹರಣದ ಮರುದಿನವೇ, 1970ರ ಏಪ್ರಿಲ್ 1ರಂದು, ಅನಿಮೆಯ ಮೊದಲ ಕಂತು ಫುಜಿ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. ಇಲ್ಲಿದೆ ಮೊದಲ ಅಳುಕಿಗೆ ಉತ್ತರ. ಪತ್ರಿಕೆ ಓದುತ್ತಿದ್ದ ಹುಡುಗರೆಲ್ಲರಿಗೂ ರಿಕೀಶಿ ಸತ್ತದ್ದು ಆಗಲೇ ತಿಳಿದಿತ್ತು. ಅವರು ಕುಳಿತದ್ದು ಏನಾಗುತ್ತದೆ ಎಂದು ತಿಳಿಯಲು ಅಲ್ಲ, ಅವನು ಆ ಸಾವಿನ ಕಡೆಗೆ ಹೇಗೆ ನಡೆದುಹೋಗುತ್ತಾನೆ ಎಂದು ನೋಡಲು. ಕರ್ಣನ ಅಂತ್ಯ ಗೊತ್ತಿದ್ದೇ ಭಾರತ ಕೇಳಲು ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐವತ್ತು ವರ್ಷ ತಡವಾಗಿ ಬಂದವನೂ ಮೊದಲ ದಿನದ ಆ ಹುಡುಗರ ಪಕ್ಕದಲ್ಲೇ ಕೂತಿರುತ್ತಾನೆ.

ಇನ್ನು ಎರಡನೆಯ ಅಳುಕು. ಸರಣಿಯನ್ನು ತಯಾರಿಸಿದ್ದು ಒಸಾಮು ತೆಜುಕಾ ಸ್ಥಾಪಿಸಿದ್ದ ಮುಶಿ ಪ್ರೊಡಕ್ಷನ್. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚೌಕಟ್ಟುಗಳು ಬೇಕು. ವಾರಕ್ಕೊಂದು ಕಂತು ಮುಗಿಸಬೇಕಾದವರು ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿ, ಎಂಟೇ ಚಿತ್ರಗಳಲ್ಲಿ ಸೆಕೆಂಡನ್ನು ದಾಟಿಸುತ್ತಿದ್ದರು. ಹಣವೂ ಕಡಿಮೆ, ಸಮಯವೂ ಕಡಿಮೆ. ನಿರ್ದೇಶಕ ಒಸಾಮು ದೆಜಾಕಿಗೆ ಆಗ 26 ವರ್ಷ. ಕೊರತೆಯನ್ನು ಮುಚ್ಚಿಡುವ ಬದಲು ಅವರು ಅದನ್ನೇ ಭಾಷೆಯಾಗಿಸಿಕೊಂಡರು. ನಿಶ್ಚಲ ಚಿತ್ರ, ಓರೆಯಾಗಿ ಬೀಳುವ ಬೆಳಕು, ಗಾಢವಾದ ನೆರಳು ಅವರ ಸಾಧನಗಳಾದವು. ಒಂದೇ ಹೊಡೆತವನ್ನು ಮೂರು ಬಾರಿ ತೋರಿಸುವುದು, ನಿರ್ಣಾಯಕ ಗಳಿಗೆ ವರ್ಣಚಿತ್ರವಾಗಿ ನಿಂತುಬಿಡುವುದು ಮುಂದೆ ಅವರ ಗುರುತೇ ಆದವು. ಅವಸರದ ಕಣ್ಣಿಗೆ ಇದು ನಿಧಾನ ಎನಿಸೀತು. ನಾಲ್ಕಾರು ಕಂತು ಕಳೆದರೆ ನೋವು ಉಳಿಯುವುದು ಹೊಡೆತದಲ್ಲಲ್ಲ, ಹೊಡೆತದ ನಂತರದ ನಿಲುಗಡೆಯಲ್ಲಿ ಎಂಬುದು ಅರಿವಾಗುತ್ತದೆ.

79 ಕಂತುಗಳ ಸರಣಿ 1971ರ ಸೆಪ್ಟೆಂಬರಿನಲ್ಲಿ ಮುಗಿದಾಗ ಮಾಂಗಾ ಇನ್ನೂ ನಡೆಯುತ್ತಿತ್ತು. ಅದು ಮುಗಿದದ್ದು 1973ರಲ್ಲಿ. ಉಳಿದ ಕಥೆಯನ್ನು ದೆಜಾಕಿ 1980ರಲ್ಲಿ ಆರಂಭವಾದ 47 ಕಂತುಗಳ ಎರಡನೆಯ ಸರಣಿಯಲ್ಲಿ ಪೂರೈಸಿದರು. ಕೊನೆಯ ಚಿತ್ರ ಪ್ರಸಿದ್ಧವಾದದ್ದು: ಅಖಾಡದ ಮೂಲೆಯಲ್ಲಿ, ಸಣ್ಣ ಪೀಠದ ಮೇಲೆ, ಉರಿದು ಬಿಳಿಬೂದಿಯಾದವನಂತೆ ತಲೆಬಾಗಿ ಕುಳಿತ ಜೋ. ಅವನು ಸತ್ತನೋ ಬದುಕಿದನೋ ಎಂಬುದನ್ನು ಕಥೆ ಹೇಳುವುದಿಲ್ಲ.

ಹುಡುಗರಿಗೆಂದು ಮಾಡಿದ್ದನ್ನು ಹುಡುಗತನ ಕಳೆದ ಮೇಲೆ ಮೊದಲ ಬಾರಿಗೆ ನೋಡುವವರಿಗೆ ಇನ್ನೊಂದು ಲಾಭವೂ ಇದೆ. ಹದಿಹರೆಯದ ಕಣ್ಣು ಜೋನನ್ನೇ ಹಿಂಬಾಲಿಸುತ್ತದೆ. ವಯಸ್ಸಾದ ಕಣ್ಣಿಗೆ ದಾಂಪೇಯೂ ಕಾಣುತ್ತಾನೆ. ತನ್ನ ನಾಳೆ ಮುಗಿದುಹೋದ ಮೇಲೆ ಇನ್ನೊಬ್ಬರ ಮಗನಿಗಾಗಿ ಕಾರ್ಡಿನ ಮೇಲೆ ನಾಳೆ ಎಂದು ಬರೆಯುವ ಮುದುಕ ಅವನು. ಆ ಮುದುಕನನ್ನು ಕಂಡವನಿಗೆ, ಸರಣಿಯನ್ನು ತಡವಾಗಿ ನೋಡಿದೆನೆಂಬ ಕೊರಗು ಉಳಿಯುವುದಿಲ್ಲ.