ಚಹಾ ಬಣ್ಣದ ಸರೋವರ ಕಲಿಸುವ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಬಹುತೇಕ ಮರಳಿನಿಂದಲೇ ಆದ ಒಂದು ದ್ವೀಪವಿದೆ. ಉದ್ದ ಸುಮಾರು 120 ಕಿಲೋಮೀಟರ್. ಫ್ರೇಸರ್ ದ್ವೀಪ ಎಂದು ಕರೆಯಲಾಗುತ್ತಿದ್ದ ಅದಕ್ಕೆ 2023ರಲ್ಲಿ ಮೂಲನಿವಾಸಿ ಬುಚುಲ್ಲ ಜನರ 'ಗರಿ' ಎಂಬ ಹೆಸರು ಮರಳಿ ಬಂತು. 1992ರಿಂದ ಅದು ವಿಶ್ವ ಪರಂಪರೆಯ ತಾಣ.

ಮರಳಿನಲ್ಲಿ ನೀರು ಇಂಗಿಹೋಗಬೇಕಲ್ಲವೇ? ಆದರೂ ಅಲ್ಲಿ ಬೂಮಂಜಿನ್ ಎಂಬ ಸಿಹಿನೀರಿನ ಸರೋವರವಿದೆ. ತಗ್ಗಿನಲ್ಲಿ ಬಿದ್ದ ಎಲೆ, ತೊಗಟೆ ಕೊಳೆತು ಮರಳಿನೊಂದಿಗೆ ಬೆರೆತು ಕಾಲಕ್ರಮದಲ್ಲಿ ಗಟ್ಟಿ ಪದರವಾಯಿತು. ಅದರ ಮೇಲೆ ಮಳೆನೀರು ನಿಂತಿತು. ಅಂತರ್ಜಲದ ಮಟ್ಟಕ್ಕಿಂತ ಮೇಲೆ ನಿಲ್ಲುವ ಇಂಥ ಸರೋವರಗಳಲ್ಲಿ ಸುಮಾರು 200 ಹೆಕ್ಟೇರ್ ವಿಸ್ತಾರದ ಬೂಮಂಜಿನ್ ಜಗತ್ತಿನಲ್ಲೇ ದೊಡ್ಡದು.

ಅದರ ನೀರು ಹಾಲು ಹಾಕದ ಚಹಾದಂತೆ ಕೆಂಪು. ಸುತ್ತಲಿನ ಜೌಗಿನ ಗಿಡಗಳ ಎಲೆ, ತೊಗಟೆಯಿಂದ ಇಳಿಯುವ ಟ್ಯಾನಿನ್ ಇದಕ್ಕೆ ಕಾರಣ. ಚಹಾದ ಒಗರು, ಅಡಿಕೆಯ ಒಗರು ಅದರದ್ದೇ. ಚರ್ಮ ಹದ ಮಾಡುವವರು ಅಳಲೆಕಾಯಿ ಬಳಸುವುದೂ ಇದಕ್ಕಾಗಿಯೇ. ನೋಡಿದವರು ಹೊಲಸು ನೀರು ಎಂದಾರು. ಆದರೆ ಅದು ಹೊಲಸಲ್ಲ.

ಎಲೆ ತಾನಾಗಿ ಉದುರಿ, ಪಾಚಿ ಬೆಳೆದು ಬಣ್ಣ ಬದಲಾದ ಮಾತ್ರಕ್ಕೆ ನೀರಿನ ಶುದ್ಧಿ ಹೋಗುವುದಿಲ್ಲವೆಂದು ಫಿಕ್ಹ್ ಪಾಠದಲ್ಲಿ ಓದಿದ್ದೀರಿ. ನಜಸ್ ಬಿದ್ದು ಬದಲಾದರೆ ಮಾತು ಬೇರೆ. ಅಂದರೆ ಬಣ್ಣ ನೋಡಿದರೆ ಸಾಲದು, ಕಾರಣ ಕೇಳಬೇಕು. ವಿಜ್ಞಾನದ ದಾರಿಯೂ ಇದೇ. ವುಝೂಗೆ ಆಗುವ ನೀರೆಲ್ಲ ಕುಡಿಯಲು ಯೋಗ್ಯವೆಂದೂ ಅಲ್ಲ. ಅದನ್ನು ಪ್ರಯೋಗಾಲಯ ಹೇಳಬೇಕು. ನಮ್ಮ ಕೋಲಾರದ ಕಡೆ ಎಷ್ಟೋ ಕೊಳವೆಬಾವಿಗಳ ತಿಳಿನೀರಿನಲ್ಲಿ ಕಣ್ಣಿಗೆ ಕಾಣದ ಫ್ಲೋರೈಡ್ ಇದೆ. ಅದು ಮಕ್ಕಳ ಹಲ್ಲು ಕೆಡಿಸುತ್ತದೆ.

ಆ ಸರೋವರದ ನೀರು ಹುಳಿ. ಪೋಷಕಾಂಶ ಬಹಳ ಕಡಿಮೆ. ಅದಕ್ಕೇ ಒಗ್ಗಿಕೊಂಡ ಕಪ್ಪೆಗಳು ಆ ದ್ವೀಪದಲ್ಲಿವೆ. ಅಂಥ ನೀರಿಗೆ ನಾವು ತರುವ ಸೋಪು, ಶಾಂಪೂ, ಮೂತ್ರ ಸೇರಿದರೆ ಪಾಚಿ ಹೆಚ್ಚಿ ಸಮತೋಲನ ಕೆಡುತ್ತದೆ. ಸಾವಿರಾರು ವರ್ಷ ಎಲೆ ಉದುರಿಯೂ ಕೆಡದ ನೀರನ್ನು ನಾವು ಕೆಲವೇ ವರ್ಷಗಳಲ್ಲಿ ಕೆಡಿಸಬಲ್ಲೆವು.

ಆ ದ್ವೀಪದಲ್ಲಿ ಮರಳು ಗಣಿಗಾರಿಕೆ 1976ರಲ್ಲಿ, ಮರ ಕಡಿತ 1991ರಲ್ಲಿ ನಿಂತಿತು. ಲಾಭದ ಕೆಲಸವನ್ನೂ ನಿಲ್ಲಿಸಲು ಸಾಧ್ಯವಾದದ್ದು ಜನ ಪಟ್ಟುಹಿಡಿದು ಹೋರಾಡಿದ್ದರಿಂದ.

ವಿದ್ಯಾರ್ಥಿಗಳೇ, ನೀರು ನಮ್ಮ ಸ್ವತ್ತಲ್ಲ, ಅಮಾನತ್. ನಿಮ್ಮ ಊರಿನ ಕೆರೆ, ಮಸೀದಿಯ ಹೌಝ್, ಶಾಲೆಯ ಬಾವಿ ಇವುಗಳ ನೀರನ್ನು ಈ ವರ್ಷವೇ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಜಮಾಅತ್‌ನ ಮುಂದಿಡಿ. ಕಲಿತ ವಿದ್ಯೆ ಊರಿಗೆ ಸಲ್ಲಲಿ. ಅಲ್ಲಾಹನು ತೌಫೀಕ್ ನೀಡಲಿ. ವಸ್ಸಲಾಮ್.