ಜೀನ್ ಚಿಕಿತ್ಸೆ: ತಿಳಿದಿರಬೇಕಾದ ನಾಲ್ಕು ಮಾತು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬರುವ ನೀವು ಎರಡು ಪ್ರಶ್ನೆ ಮತ್ತೆ ಮತ್ತೆ ಕೇಳುತ್ತೀರಿ. "ಸಿಸ್ಟರ್, ವಂಶದ ಬ್ಯಾನಿಗೆ ಜೀನ್ ಇಂಜೆಕ್ಷನ್ ಬಂದೈತಂತ, ಖರೇನ್ರಿ?" "ಸ್ಕ್ಯಾನಿಂಗ್ ಮಾಡಿಸಿದರ ಹೊಟ್ಟ್ಯಾಗಿನ ಕೂಸಿಗೆ ಏನರ ಆಗತೈತೇನ್ರಿ?" ಇಂದು ಎರಡಕ್ಕೂ ಉತ್ತರ ಹೇಳುತ್ತೇನೆ.

ಜೀನ್ ಎಂದರೆ ತಂದೆತಾಯಿಯಿಂದ ಬರುವ ಬರಹ. ದೇಹಕ್ಕೆ ಬೇಕಾದ ಪದಾರ್ಥವನ್ನು ಹೇಗೆ ತಯಾರಿಸಬೇಕೆಂದು ಜೀವಕೋಶಕ್ಕೆ ಅದು ತಿಳಿಸುತ್ತದೆ. ಬರಹ ತಪ್ಪಿದ್ದರೆ ಥಲಸ್ಸೇಮಿಯಾ, ಹಿಮೋಫಿಲಿಯಾದಂಥ ರೋಗಗಳು ಬರುತ್ತವೆ. ಸರಿಯಾದ ಜೀನನ್ನು ಕೋಶದೊಳಗೆ ಕಳಿಸುವುದು ಜೀನ್ ಚಿಕಿತ್ಸೆ. ಆದರೆ ಬರೀ ಜೀನನ್ನು ರಕ್ತಕ್ಕೆ ಬಿಟ್ಟರೆ ದಾರಿಯಲ್ಲೇ ಹಾಳಾಗುತ್ತದೆ. ಕೋಶದ ಪೊರೆಯೂ ಒಳಗೆ ಬಿಡುವುದಿಲ್ಲ.

ಆ ಪೊರೆ ಕೊಬ್ಬಿನದು. ಆದ್ದರಿಂದ ಕೃತಕವಾಗಿ ತಯಾರಿಸಿದ ಕೊಬ್ಬಿನಲ್ಲಿ, ಅಂದರೆ ಲಿಪಿಡ್‌ನಲ್ಲಿ, ಜೀನನ್ನು ಸುತ್ತುತ್ತಾರೆ. ಹೋಳಿಗೆಯ ಹೂರಣವನ್ನು ಕಣಕದಲ್ಲಿ ಮುಚ್ಚಿದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಶಾಂತನು ಭಟ್ಟಾಚಾರ್ಯ ಅವರ ತಂಡ ಇಂಥ ಲಿಪಿಡ್‌ಗಳನ್ನು ತಯಾರಿಸಿ ಪರೀಕ್ಷಿಸಿದೆ. 2025ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯಕೃತ್ತಿನ ಅಪರೂಪದ ವಂಶರೋಗವಿದ್ದ ಒಂದು ಕೂಸಿಗೆ, ಜೀನನ್ನು ತಿದ್ದುವ ಔಷಧವನ್ನು ಲಿಪಿಡ್ ಕಣಗಳಲ್ಲಿಟ್ಟು ಕೊಟ್ಟರು. ಕೂಸು ಚೇತರಿಸಿಕೊಂಡಿತು.

ಇನ್ನೊಂದು ದಾರಿ ಅಲ್ಟ್ರಾಸೌಂಡ್. ಲಿಪಿಡ್ ಕವಚವಿರುವ ಅತಿ ಸಣ್ಣ ಅನಿಲದ ಗುಳ್ಳೆಗಳನ್ನು ರಕ್ತಕ್ಕೆ ಬಿಟ್ಟು, ಬೇಕಾದ ಅಂಗದ ಮೇಲೆ ಶಬ್ದದ ಅಲೆ ಹಾಯಿಸುತ್ತಾರೆ. ಗುಳ್ಳೆಗಳು ಹಿಗ್ಗಿ ಕುಗ್ಗಿದಾಗ ಪೊರೆಯಲ್ಲಿ ಸಣ್ಣ ರಂಧ್ರವಾಗಿ ಜೀನ್ ಒಳಸೇರುತ್ತದೆ. ರಂಧ್ರ ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಗರ್ಭಿಣಿಯರ ಸ್ಕ್ಯಾನಿಂಗ್ ಬೇರೆ. ಅದರಲ್ಲಿ ಗುಳ್ಳೆಯೂ ಇಲ್ಲ, ಜೀನೂ ಇಲ್ಲ. ಕೂಸಿನ ಜೀನ್ ಬದಲಾಗುವುದಿಲ್ಲ. ವೈದ್ಯರು ಹೇಳಿದಾಗ ಅಂಜದೆ ಮಾಡಿಸಿರಿ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿರಿ; 1994ರ ಕಾಯ್ದೆಯ ಪ್ರಕಾರ ಅದು ಅಪರಾಧ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತೀವ್ರ ಹಿಮೋಫಿಲಿಯಾದ 5 ಜನರಿಗೆ ಜೀನ್ ಚಿಕಿತ್ಸೆ ಕೊಟ್ಟ ವರದಿ 2024ರಲ್ಲಿ ಪ್ರಕಟವಾಯಿತು. ಅಲ್ಲಿ ಜೀನ್ ಹೊತ್ತದ್ದು ಲಿಪಿಡ್ ಅಲ್ಲ, ರೋಗ ತರದಂತೆ ಮಾರ್ಪಡಿಸಿದ ವೈರಸ್.

ಆದ್ದರಿಂದ ನೆನಪಿಡಿರಿ:

1. "ಜೀನ್ ಇಂಜೆಕ್ಷನ್ ಕೊಡಿಸುತ್ತೇವೆ" ಎನ್ನುವವರ ಮಾತು ಕೇಳಿ ಹೊಲ ಮಾರಬೇಡಿರಿ. ಮೊದಲು ನಮ್ಮ ವೈದ್ಯರನ್ನು ಕೇಳಿರಿ.

2. ಈಗಿನ ಔಷಧ, ರಕ್ತ ಹಾಕಿಸುವುದು ನಿಲ್ಲಿಸಬೇಡಿರಿ.

3. ಗಾಯದ ರಕ್ತ ನಿಲ್ಲದ, ಕೀಲು ಬಾಯುವ ಗಂಡುಮಗು ಮನೆಯಲ್ಲಿದ್ದರೆ ಇಂಜೆಕ್ಷನ್‌ಗೆ ಮುಂಚೆಯೇ ತಿಳಿಸಿರಿ. ಆಸ್ಪಿರಿನ್ ಕೊಡಬೇಡಿರಿ.

4. ಸೋದರಮಾವನಿಗೆ ಹೆಣ್ಣು ಕೊಡುವ ಮುಂಚೆ, ವಂಶದಲ್ಲಿ ಇಂಥ ರೋಗವಿದ್ದರೆ ರಕ್ತಪರೀಕ್ಷೆ ಮಾಡಿಸಿರಿ.

ಕೇಳುವುದಕ್ಕೆ ಸಂಕೋಚ ಬೇಡ.