ನಾಡಿ ನೋಡದೆ ಮೈದಾನಕ್ಕೆ ಇಳಿಯಬೇಡಿ
(ಸಂಘದ ಬೆಳ್ಳಿಹಬ್ಬದ ಆರೋಗ್ಯ ಶಿಬಿರದ ಕೊನೆಯ ದಿನ ಶಿಬಿರ ತಂಡದ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಆಗಲೇ ವಿವರಿಸಿದ್ದಾರೆ. ನಾವು, ಅಂದರೆ ಮೂರು ದಿನದಿಂದ ಶಾಲೆಯ ಹಜಾರದಲ್ಲಿ ನಿಮ್ಮ ನಾಡಿ ಹಿಡಿದು ಕೂತಿದ್ದ ವೈದ್ಯರು, ದಾದಿ ಮತ್ತು ದೈಹಿಕ ಶಿಕ್ಷಣ ಶಿಕ್ಷಕರು, ವ್ಯಾಯಾಮದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಅದಕ್ಕೆ ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು.

ಕಳೆದ ವರ್ಷ ಸಂಘದ ಕ್ರೀಡಾಕೂಟ ನಡೆಸಿದವರೂ ನಾವೇ. ಹಗ್ಗ ಜಗ್ಗಾಟಕ್ಕೆ ಹೆಸರು ಬರೆದುಕೊಳ್ಳುವಾಗ ಕೇಳಿದ್ದು ಎರಡೇ ಪ್ರಶ್ನೆ: ಹೆಸರೇನು, ಯಾವ ಬೀದಿ? 48 ವರ್ಷದ ಸದಸ್ಯರೊಬ್ಬರು ಎರಡನೇ ಸುತ್ತಿನಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಹಾಲಿನ ವ್ಯಾನಿನಲ್ಲೇ ಆಸ್ಪತ್ರೆಗೆ ಕರಕೊಂಡು ಹೋದೆವು. ದೇವರು ದೊಡ್ಡವನು, ಉಳಕೊಂಡರು. ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಹೇಳಿ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಆಮೇಲೆ ತಿಳಿಯಿತು: ಆರು ತಿಂಗಳಿಂದ ಏರು ಹತ್ತಿದರೆ ಎದೆ ಬಿಗಿಯೋದು, ನಿಂತರೆ ಸರಿಹೋಗೋದು. ಗ್ಯಾಸು ಅಂತ ಸೋಡಾ ಕುಡಿದು ಸುಮ್ಮನಿದ್ದರು. ನಾವು ಆ ಒಂದು ಪ್ರಶ್ನೆ ಕೇಳಿದ್ದರೆ ಅವರು ಹಗ್ಗ ಮುಟ್ಟುತ್ತಿರಲಿಲ್ಲ.

ಡೈರಿಯಲ್ಲಿ ಅರ್ಧ ಲೀಟರ್ ಹಾಲು ಬಂದರೂ ಡಿಗ್ರಿ ನೋಡ್ತೀವಿ, ಫ್ಯಾಟು ನೋಡ್ತೀವಿ. ಮನುಷ್ಯನನ್ನು ಮಾತ್ರ ಏನೂ ನೋಡದೆ ಮೈದಾನಕ್ಕೆ ಇಳಿಸಿದ್ದೆವು. ಈ ಶಿಬಿರ ಹುಟ್ಟಿದ್ದೇ ಅಲ್ಲಿಂದ.

ಆದ್ದರಿಂದ ಈ ಸಲ ಮೊದಲು ಪ್ರಶ್ನೆ. ಶ್ರಮ ಪಟ್ಟಾಗ ಎದೆ ನೋವು, ಬಿಗಿತ ಬರುತ್ತಾ? ತಲೆ ಸುತ್ತಿ ಬಿದ್ದದ್ದುಂಟಾ? ಸುಮ್ಮನಿದ್ದಾಗಲೂ ಏದುಸಿರಾ? ಹೃದಯದ ತೊಂದರೆ, ಬಿ.ಪಿ., ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿದ್ದಾರಾ? ಮಂಡಿ, ಸೊಂಟ ಹೇಗಿದೆ? ಒಂದಕ್ಕೆ ಹೌದು ಅಂದರೂ ಅವರನ್ನು ಪರೀಕ್ಷೆಗೆ ಇಳಿಸದೆ ವೈದ್ಯರ ಮೇಜಿಗೆ ಕಳಿಸಿದೆವು. ಕೆಲವರಿಗೆ ಸಿಟ್ಟು ಬಂತು, ಬರಲಿ.

ಉಳಿದವರನ್ನು ಐದು ನಿಮಿಷ ಕೂರಿಸಿ ನಾಡಿ ಎಣಿಸಿದೆವು. ದೊಡ್ಡವರಲ್ಲಿ ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಇರಬೇಕು. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ. ಟೇಪು ಹಿಡಿದಾಗ ಹೊಟ್ಟೆ ಒಳಗೆಳಕೊಂಡವರನ್ನು ನಾವು ಗಮನಿಸಿದ್ದೇವೆ, ಹೆಸರು ಹೇಳೋಲ್ಲ.

ಆಮೇಲೆ ಬೆಂಚಿನ ಪರೀಕ್ಷೆ. 12 ಅಂಗುಲ ಎತ್ತರದ ಬೆಂಚನ್ನು ನಿಮಿಷಕ್ಕೆ 24 ಸಲದಂತೆ ಮೂರು ನಿಮಿಷ ಹತ್ತಿ ಇಳಿಯೋದು, ತಕ್ಷಣ ಕೂತು ಒಂದು ನಿಮಿಷ ಪೂರ್ತಿ ನಾಡಿ ಎಣಿಸೋದು. ಬಡಿತ ಕಡಿಮೆ ಇದ್ದಷ್ಟೂ ದಮ್ಮು ಚೆನ್ನಾಗಿದೆ ಅಂತ ಅರ್ಥ. 50 ಕೆ.ಜಿ. ಹಿಂಡಿ ಮೂಟೆಯನ್ನು ಹೆಗಲಿಗೇರಿಸಿಕೊಂಡು ಓಡಾಡುವ ನಮ್ಮ ಯುವಕರೊಬ್ಬರು ಎರಡು ನಿಮಿಷಕ್ಕೇ ಕೈ ಎತ್ತಿದರು. ಬೈಕು ಬಂದಮೇಲೆ ಅವರು ಡೈರಿಗೂ ನಡೆದು ಬಂದಿಲ್ಲ. ರಟ್ಟೆಯ ಬಲ ಬೇರೆ, ಎದೆಯ ದಮ್ಮು ಬೇರೆ. ಹಿರಿಯರಿಗೆ ಬೆಂಚು ಬೇಡವೆಂದು, ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ನೋಡಿದೆವು. ಅಲ್ಲಿ ಅಜ್ಜಿಯೊಬ್ಬರು ತಮ್ಮ ಮಗನನ್ನೇ ಮೀರಿಸಿದರು!

'ದುಡಿಯೋ ಮೈಗೆ ವ್ಯಾಯಾಮ ಯಾಕೆ ಸಾರ್?' ಅಂತ ಬಹಳ ಜನ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತು ಓಡಿಸುವ ಡ್ರೈವರುಗಳಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ಅಂದರೆ ದುಡಿಮೆ ಖಂಡಿತ ಲೆಕ್ಕಕ್ಕೆ ಬರುತ್ತೆ. ಆದರೆ ಪ್ರಾಮಾಣಿಕವಾಗಿ ಹೇಳಿ, ನಮ್ಮಲ್ಲಿ ಈಗ ಎಷ್ಟು ಜನ ಕಂಡಕ್ಟರು, ಎಷ್ಟು ಜನ ಡ್ರೈವರು? ಉಳುಮೆ ಟ್ರಾಕ್ಟರಿಗೆ, ನೀರು ಮೋಟಾರಿಗೆ ಹೋಯಿತು. ಗರಡಿ ಮನೆಗೆ ಬೀಗ ಬಿದ್ದು ಎಷ್ಟು ಕಾಲವಾಯಿತು ಅಂತ ನಿಮಗೇ ಗೊತ್ತು.

ಈಗ ಚೀಟಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಬಲ ಕೊಡುವ ಕೆಲಸ ಬೇಕು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸು ನಡಿಗೆ ಅಂದುಕೊಳ್ಳಿ. ಎಷ್ಟು ಬಿರುಸು? ನಡೆಯುತ್ತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಲೆಕ್ಕ ಬೇಕೆನ್ನುವವರು 220ರಲ್ಲಿ ವಯಸ್ಸು ಕಳೆಯಲಿ. 40 ವರ್ಷದವರಿಗೆ 180 ಬರುತ್ತೆ. ಅದರಲ್ಲಿ ನೂರಕ್ಕೆ 64ರಿಂದ 76, ಅಂದರೆ ನಾಡಿ ಸುಮಾರು 115ರಿಂದ 137ರೊಳಗೆ ಇರಲಿ. ಇದು ಅಂದಾಜು ಲೆಕ್ಕ, ಒಬ್ಬೊಬ್ಬರಿಗೆ ಹತ್ತು ಹದಿನೈದು ಹೆಚ್ಚುಕಡಿಮೆ ಆಗುತ್ತೆ. ನಮ್ಮ ಮಟ್ಟಿಗೆ ಹಾಡಿನ ಪರೀಕ್ಷೆಯೇ ವಾಸಿ.

ಎಲ್ಲರ ಚೀಟಿಯೂ ಒಂದೇ ಥರ ಯಾಕಿಲ್ಲ ಅಂತ ಜಗಳ ನಡೀತಿದೆಯಂತೆ. ಹತ್ತು ಲೀಟರ್ ಕರೆಯುವ ಹಸುವಿಗೂ ಎರಡು ಲೀಟರಿನ ಹಸುವಿಗೂ ಒಂದೇ ಅಳತೆ ಹಿಂಡಿ ಹಾಕ್ತೀರಾ? ಹೊಸ ಹಿಂಡಿಯನ್ನು ಒಂದೇ ದಿನ ಬುಟ್ಟಿಗಟ್ಟಲೆ ಸುರಿದರೆ ಹೊಟ್ಟೆ ಉಬ್ಬರಿಸುತ್ತೆ ಅಂತ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗೇನೇ ಇದು. ಬೆಂಚಿನಲ್ಲಿ ಮೂರು ನಿಮಿಷ ಮುಗಿಸದವರಿಗೆ ದಿನಕ್ಕೆ ಹತ್ತೇ ನಿಮಿಷ ನಡಿಗೆ ಬರೆದಿದ್ದೇವೆ. ಎರಡು ವಾರಕ್ಕೊಮ್ಮೆ ಐದು ನಿಮಿಷ ಏರಿಸಿ. ದಮ್ಮು ಇರುವ ಹುಡುಗರಿಗೆ ಓಟ, ದಂಡ, ಬಸ್ಕಿ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲೋದು, ಬೀಳದಿರಲಿ ಅಂತ. ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷ ನಿಧಾನ. ಇದಿಷ್ಟು ಎಲ್ಲರಿಗೂ ಸಮ.

ತಾಯಂದಿರ ವಿಷಯ ಬೇರೆಯೇ. ನಸುಕಿಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಹುಲ್ಲಿನ ಹೊರೆ ಹೊತ್ತು ಬರುವ ಹೆಣ್ಣುಮಗಳಿಗೆ 'ಅರ್ಧ ಗಂಟೆ ವಾಕಿಂಗ್ ಹೋಗಮ್ಮಾ' ಅನ್ನೋಕೆ ನಮಗೆ ಬಾಯಿ ಬರಲಿಲ್ಲ. ಅವರ ನಿಮಿಷಗಳು ಹೊತ್ತು ಮೂಡೋ ಮುಂಚೆಯೇ ಮುಗಿದಿರುತ್ತವೆ. ಅಂಥವರ ಚೀಟಿಯಲ್ಲಿ ಬೆನ್ನಿಗೆ ಬಲ ಕೊಡುವ ಎರಡು ವ್ಯಾಯಾಮ ಮತ್ತು ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ ಬರೆದಿದ್ದೇವೆ. ಯಜಮಾನರು ಅದನ್ನು ಓದಿಕೊಳ್ಳಬೇಕಾಗಿ ವಿನಂತಿ. ಆ ಹೊತ್ತಿನಲ್ಲಿ ಹುಲ್ಲಿನ ಹೊರೆ ಅವರು ಹೊತ್ತರೆ ಅವರ ವ್ಯಾಯಾಮವೂ ಆಯಿತು.

ನಡೆಯುವಾಗ ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಬನ್ನಿ. ಸೋಡಾ ಅಂಗಡಿಗೆ ಹೋಗಬೇಡಿ.

ಚೀಟಿಗಳ ಒಂದು ಪ್ರತಿ ಕಾರ್ಯದರ್ಶಿಗಳ ಬಳಿ ಇದೆ. ಮೂರು ತಿಂಗಳಾದ ಮೇಲೆ ಇದೇ ಹಜಾರದಲ್ಲಿ ಮತ್ತೆ ನಾಡಿ ಎಣಿಸ್ತೀವಿ. ಚೀಟಿ ಇಲ್ಲದವರ ಹೆಸರನ್ನು ಈ ಸಲದ ಹಗ್ಗ ಜಗ್ಗಾಟಕ್ಕೆ ಬರೆದುಕೊಳ್ಳುವುದಿಲ್ಲ, ನಿರ್ದೇಶಕರಾದರೂ ಸರಿ. ಬೆಂಚು ಮಾಡಿಕೊಟ್ಟ ಆಚಾರರು ಅದನ್ನು ಸಂಘಕ್ಕೇ ಬಿಟ್ಟಿದ್ದಾರೆ, ಅವರಿಗೆ ನಮ್ಮ ವಂದನೆ. ದಯವಿಟ್ಟು ಅದರ ಮೇಲೆ ಹಾಲಿನ ಕ್ಯಾನು ಇಡಬೇಡಿ.